ದಂಗೆಗೆ ಮುನ್ನ ಕೂಟ

‘ಇನ್‌ಸರೆಕ್ಷನ್’ ಎಂಬ ಇಂಗ್ಲಿಷ್ ಪದದ ಮೂಲ, ‘ಮೇಲೇಳು’ ಎಂಬರ್ಥದ ಲ್ಯಾಟಿನ್ ಧಾತು. ಕನ್ನಡಿಗರೂ ‘ದಂಗೆ ಏಳು’ ಎಂದೇ ನುಡಿಯುತ್ತಾರೆ. ಜನ ಎದ್ದರೆಂಬುದನ್ನು ಎರಡು ನುಡಿಗಳೂ ಹೇಳುತ್ತವೆ. ಏಕೆ ಎದ್ದರೆಂಬುದನ್ನು ಹೇಳವು.

ನಮ್ಮ ಲಿಂಗದಹಳ್ಳಿಯನ್ನೊಳಗೊಂಡ ತರೀಕೆರೆ ಸೀಮೆಗೂ 1830-31ರ ನಗರ ದಂಗೆಯ ಬಿಸಿ ತಟ್ಟಿತು. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪನಾಯಕನು ಬಂಡೆದ್ದವರನ್ನು ಕೂಡಿಕೊಂಡನು. ಆದರೆ ಅದರ ಮೊದಲ ಹೆಜ್ಜೆ ಕತ್ತಿಯದಲ್ಲ, ರೈತರ ‘ಕೂಟ’ದ್ದು. ಇಂತಿಷ್ಟು ಕಂದಾಯ ತುಂಬಿಕೊಡುವೆವೆಂದು ಅಮಲ್ದಾರರು ಒಪ್ಪಿಕೊಳ್ಳುತ್ತಿದ್ದ ‘ಶರ್ತಿ’ ಪದ್ಧತಿಯ ಹೊರೆಯೆಲ್ಲ ಕೊನೆಗೆ ಬೀಳುತ್ತಿದ್ದುದು ಒಕ್ಕಲಿನ ಬೆನ್ನಿನ ಮೇಲೆ. ಆ ಅಹವಾಲನ್ನು ಹೇಳಿಕೊಳ್ಳಲು ಅವರು ನೆರೆದರು, ಕೇಳುವವರಿಲ್ಲದಾಗ ಎದ್ದರು.

1831ರಲ್ಲಿ ಆಂಗ್ಲರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ವಹಿಸಿಕೊಂಡರು. ಅದು ಅರಸು ಮನೆತನಕ್ಕೆ ಮರಳಿದುದು 1881ರಲ್ಲಿ. ದಂಗೆಯನ್ನು ವಿಚಾರಿಸಿದ ಸಮಿತಿಯ 1833ರ ವರದಿಯ ಶಿರೋನಾಮೆಯಲ್ಲಿ ‘ಇನ್‌ಸರೆಕ್ಷನ್’ ಪದವೇ ಇದೆ. ಒಳಗಿನ ಪುಟಗಳು ಮಾತ್ರ ದುರಾಡಳಿತವನ್ನು ಬೊಟ್ಟುಮಾಡಿ ತೋರಿದವು.

ಓದುಗರೇ, ದಂಗೆಯೆಂಬ ಪದ ಕಿವಿಗೆ ಬಿದ್ದಾಗ ಅದಕ್ಕೆ ಮುಂಚಿನ ಕೂಟವನ್ನೂ ನೆನೆಯೋಣ. ಊರಲ್ಲಾಗಲಿ ಮನೆಯಲ್ಲಾಗಲಿ, ಕೂಡಿ ಕುಳಿತವರ ಮಾತಿಗೆ ಕಿವಿಗೊಡುವುದು, ಎದ್ದು ನಿಂತವರನ್ನು ಕೂರಿಸುವುದಕ್ಕಿಂತ ಸುಲಭ.