ಕುಡತಿನಿ: ಮೊದಲು ಬಂದ ಭಯ, ಹಿಂದುಳಿದ ಸಿದ್ಧತೆ

ಬಳ್ಳಾರಿ: 2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಶಿಶುಗಳಿಗೆ ಎಚ್‌ಎಂಪಿವಿ ಸೋಂಕು ತಗುಲಿರುವುದು ದೃಢಪಟ್ಟ ಸುದ್ದಿ ಹೊರಬಿದ್ದಾಗ ರಾಜ್ಯದಾದ್ಯಂತ ಹಳೆಯ ಭೀತಿ ಕ್ಷಣಮಾತ್ರದಲ್ಲಿ ಮರುಕಳಿಸಿತು. ಅಂದು ಷೇರುಪೇಟೆಯೂ ಕುಸಿಯಿತು. ಈ ವೈರಾಣುವನ್ನು 2001ರಲ್ಲಿಯೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಲಾಗಿತ್ತು, ಇದು ಹೊಸದಲ್ಲ ಎಂದು ವೈದ್ಯರು ಹೇಳಿದ ಮೇಲೆ ಆತಂಕ ತಗ್ಗಿತು. ಆದರೆ ಭೀತಿಯಷ್ಟೇ ವೇಗವಾಗಿ ಸಿದ್ಧತೆಯೂ ಎಚ್ಚೆತ್ತುಕೊಳ್ಳುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಕುಡತಿನಿ ಮತ್ತು ತೋರಣಗಲ್ಲು ಪ್ರದೇಶದಲ್ಲಿ 2020ರ ಮೊದಲಾರ್ಧ ಹೇಗೆ ಕಳೆಯಿತು ಎಂಬುದನ್ನು ಗಮನಿಸಬೇಕು.

ಆ ವರ್ಷದ ಮಾರ್ಚ್ 10ರಂದು ಕಲಬುರಗಿಯಲ್ಲಿ 76 ವರ್ಷದ ವೃದ್ಧರೊಬ್ಬರು ಮೃತಪಟ್ಟರು. ಅದು ಕೊರೊನಾದಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಎಂದು ಎರಡು ದಿನಗಳ ನಂತರ ದೃಢಪಟ್ಟಿತು. ಅಷ್ಟರಲ್ಲಿ ರಾಜ್ಯ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ನಿಯಮಾವಳಿ ಹೊರಡಿಸಿತ್ತು. ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾಯಿತು. ತಿಂಗಳ ಕೊನೆಯಲ್ಲಿ ಆಗ ಇದೇ ಜಿಲ್ಲೆಗೆ ಸೇರಿದ್ದ ಹೊಸಪೇಟೆಯಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಪತ್ತೆಯಾದವು. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಜನರು ಊರ ಹಾದಿಗೆ ಮುಳ್ಳುಕಂಟಿ ಹಾಕಿದರು, ಕೆಲವೆಡೆ ರಸ್ತೆಯನ್ನೇ ಅಗೆದರು.

ಇದನ್ನು ಮೌಢ್ಯವೆಂದು ನಗರವಾಸಿಗಳು ನಕ್ಕದ್ದುಂಟು. ಆ ನಗು ಸಲ್ಲದು. ಪ್ಲೇಗಿನ ಕಾಲದಲ್ಲಿ ಈ ಭಾಗದ ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕುಳಿದ ನೆನಪು ಮನೆಮನೆಯ ಹಿರಿಯರ ಮಾತಿನಲ್ಲಿ ಉಳಿದು ಬಂದಿದೆ. ಇಲಿ ಸತ್ತ ಮನೆಯನ್ನು ಬಿಟ್ಟು ಹೊರಡುವುದು ಆ ರೋಗಕ್ಕೆ ಸರಿಯಾದ ಉಪಾಯವೇ ಆಗಿತ್ತು. 2020ರ ರೋಗವಾದರೋ ಅಪರಿಚಿತನ ಜೊತೆ ಮಾತ್ರವಲ್ಲ, ಪಾಳಿ ಮುಗಿಸಿ ಮನೆಗೆ ಮರಳುವ ಮಗನ ಜೊತೆಯೂ ಬರುವಂಥದ್ದು. ಮುಳ್ಳುಬೇಲಿ ಅವನನ್ನು ತಡೆಯಲಾರದು.

ಕುಡತಿನಿಯ ಸ್ಥಿತಿ ವಿಶಿಷ್ಟವಾದುದು ಇಲ್ಲಿಯೇ. 1700 ಮೆಗಾವಾಟ್ ಸಾಮರ್ಥ್ಯದ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇರುವುದು ಈ ಊರಿನಲ್ಲಿ. ಪಕ್ಕದ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕು ಕಾರ್ಖಾನೆಯಿದೆ. ವಿದ್ಯುತ್ ಉತ್ಪಾದನೆ ಹಾಗೂ ನಿರಂತರವಾಗಿ ನಡೆಯಲೇಬೇಕಾದ ಕೈಗಾರಿಕೆಗಳಿಗೆ ಲಾಕ್‌ಡೌನ್ ಆದೇಶದಲ್ಲಿಯೇ ವಿನಾಯಿತಿಗೆ ಅವಕಾಶವಿತ್ತು. ಊದುಕುಲುಮೆಯನ್ನು ಅಂಗಡಿಯ ಬಾಗಿಲಿನಂತೆ ಸಂಜೆ ಮುಚ್ಚಿ ಬೆಳಿಗ್ಗೆ ತೆರೆಯಲಾಗದು. ಹೀಗಾಗಿ ದೇಶಕ್ಕೆ ಮನೆಯಲ್ಲಿರಿ ಎಂದು ಹೇಳಿದ ಸರ್ಕಾರ, ಇಲ್ಲಿನ ಸಾವಿರಾರು ಜನರಿಗೆ ಕೆಲಸಕ್ಕೆ ಹೋಗಿ ಎಂದೂ ಹೇಳಬೇಕಾಯಿತು. ಹಾರುಬೂದಿ, ಅದಿರಿನ ದೂಳಿನ ನಡುವೆ ಕೆಮ್ಮುವುದೇ ವಿಶೇಷವೆನಿಸದ ಕಡೆ, ಕೆಮ್ಮು ಬಂದರೆ ತಪಾಸಣೆಗೆ ಬನ್ನಿ ಎಂಬ ಸೂಚನೆಯನ್ನು ಜನ ಹೇಗೆ ಅರ್ಥಮಾಡಿಕೊಳ್ಳಬೇಕಿತ್ತು?

ಇನ್ನೊಂದು ಸಂಗತಿ ಕೂಲಿಗೆ ಸಂಬಂಧಿಸಿದ್ದು. ದಿನಗೂಲಿಯ ಗುತ್ತಿಗೆ ಕಾರ್ಮಿಕ ಜ್ವರವನ್ನು ಮುಚ್ಚಿಟ್ಟರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ. ಇಎಸ್‌ಐ ಯೋಜನೆಯಡಿ ಕಾಯಿಲೆ ಬಿದ್ದವರಿಗೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ, ನಿಜ. ಆದರೆ ಅದಕ್ಕೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿರಬೇಕು. ಗುತ್ತಿಗೆದಾರ ಬದಲಾದಂತೆಲ್ಲ ಹೆಸರು ಕಡತದಿಂದ ಕಡತಕ್ಕೆ ಅಲೆಯುವ ಕಾರ್ಮಿಕನಿಗೆ ಈ ಷರತ್ತು ಪೂರೈಸುವುದು ಸುಲಭವಲ್ಲ.

ಅಂತೂ ರೋಗ ಇಲ್ಲಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಜೂನ್‌ನಲ್ಲಿ, ಲಾಕ್‌ಡೌನ್ ಸಡಿಲಗೊಂಡ ಮೇಲೆ. ಆ ತಿಂಗಳ ಆರಂಭದಲ್ಲಿ ತೋರಣಗಲ್ಲಿನ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಾಣಿಸಿಕೊಂಡಿತು. ಎರಡು ವಾರಗಳಲ್ಲಿ ಸೋಂಕಿತರ ಸಂಖ್ಯೆ ನೂರು ದಾಟಿತು. ನೌಕರರ ಓಡಾಟಕ್ಕೆ ನಿರ್ಬಂಧ ಬಂದದ್ದು ಆಗ. ಮಾರ್ಚ್‌ನಿಂದ ಜೂನ್‌ವರೆಗೆ ದೊರೆತ ಸುಮಾರು ಮೂರು ತಿಂಗಳು ಪ್ರಕೃತಿ ಕೊಟ್ಟ ಗಡುವು. ಪಾಳಿಗಳನ್ನು ಬೇರ್ಪಡಿಸುವುದು, ಬಸ್ಸುಗಳಲ್ಲಿ ಅಂತರ, ಜ್ವರವಿದ್ದವನಿಗೆ ಕೂಲಿಸಹಿತ ರಜೆ ಇವೆಲ್ಲ ಆಗ ಆಗಬೇಕಿದ್ದ ಕೆಲಸ. ಜನರ ಭೀತಿ ಉತ್ತುಂಗದಲ್ಲಿದ್ದಾಗ ಊರಿನಲ್ಲಿ ರೋಗವಿರಲಿಲ್ಲ. ರೋಗ ಬಂದಾಗ ಭೀತಿ ದಣಿದಿತ್ತು.

ದಣಿದ ಭೀತಿ ಎಲ್ಲಿ ಹೋಯಿತು ಎಂಬುದನ್ನು ಜೂನ್ 30ರಂದು ರಾಜ್ಯವೇ ನೋಡಿತು. ಬಳ್ಳಾರಿಯಲ್ಲಿ ಕೊರೊನಾದಿಂದ ಮೃತಪಟ್ಟವರ ಶವಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ವಿಡಿಯೊ ಬಹಿರಂಗವಾಯಿತು. ಅಂದಿನ ಜಿಲ್ಲಾಧಿಕಾರಿ ಎಸ್‌.ಎಸ್‌. ನಕುಲ್ ಕ್ಷಮೆ ಯಾಚಿಸಿದರು, ಸಂಬಂಧಿಸಿದ ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು. ಶಿಕ್ಷೆ ಆ ಕೆಳಹಂತದ ಸಿಬ್ಬಂದಿಗಷ್ಟೇ ಸೀಮಿತವಾಗಬೇಕಿತ್ತೇ ಎಂಬ ಅನುಮಾನ ಈ ವರದಿಗಾರನಿಗೆ ಇಂದಿಗೂ ಇದೆ. ಶವವನ್ನು ಗೌರವದಿಂದ ಮಣ್ಣು ಮಾಡಲು ಕೈಗವಸಿನಷ್ಟೇ ತರಬೇತಿಯೂ, ಧೈರ್ಯ ಹೇಳುವ ಮೇಲಧಿಕಾರಿಯೂ ಬೇಕು.

ಎರಡನೇ ಅಲೆಯ ಹೊತ್ತಿಗೆ ಚಿತ್ರ ಬದಲಾಯಿತು. 2021ರ ಮೇ ತಿಂಗಳಲ್ಲಿ ತೋರಣಗಲ್ಲಿನಲ್ಲಿ ಆಮ್ಲಜನಕ ಸೌಲಭ್ಯವುಳ್ಳ 1000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ತಲೆಯೆತ್ತಿತು. ಉಕ್ಕು ತಯಾರಿಕೆಗೆ ಬೇಕಾಗಿದ್ದ ಆಮ್ಲಜನಕ ಆಸ್ಪತ್ರೆಗಳಿಗೆ ಹೊರಟಿತು. ಸಂಪನ್ಮೂಲ ಇಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಎಣಿಸಿದವರಿರಲಿಲ್ಲ, ಅಷ್ಟೆ.

ಈಗ ಎಣಿಸಲಾಗುತ್ತಿದೆಯೇ? 2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ವಿದ್ಯುತ್ ವ್ಯತ್ಯಯವಾಗಿ ತೀವ್ರ ನಿಗಾ ಘಟಕಕ್ಕೆ ತೊಂದರೆಯಾಯಿತು. ಅಲ್ಲಿದ್ದ ರೋಗಿಗಳ ಸಾವಿಗೆ ಇದೇ ಕಾರಣವೆಂದು ಬಂಧುಗಳು ಆರೋಪಿಸಿದರೆ ಸರ್ಕಾರ ನಿರಾಕರಿಸಿತು, ತನಿಖೆಗೆ ಸಮಿತಿ ನೇಮಿಸಿತು. ಕಾರಣ ಏನೇ ಇರಲಿ, ಕುಡತಿನಿಯಲ್ಲಿ ಜ್ವರ ಉಲ್ಬಣಿಸಿದವರು ಸರ್ಕಾರಿ ಜಿಲ್ಲಾ ಮಟ್ಟದ ಚಿಕಿತ್ಸೆಗಾಗಿ ಸುಮಾರು 20 ಕಿ.ಮೀ. ದೂರದ ಬಳ್ಳಾರಿಗೆ ಹೋಗಬೇಕು. ಅವರ ಊರಿನಿಂದ ಹೊರಟ ವಿದ್ಯುತ್ ತಂತಿಗಳೂ ಅದೇ ದಾರಿಯಲ್ಲಿ ಕಾಣುತ್ತವೆ.