ಬಾರ್ಜ್ ಬರಲಿ, ಒಡ್ಡೂ ಉಳಿಯಲಿ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಅರ್ಜಿ ಹಾಕುವುದು, ಕಾಯುವುದು, ಮತ್ತೆ ಅರ್ಜಿ ಹಾಕುವುದು ಎಂಬಲ್ಲಿಗೆ ದಿನಚರಿ ಬಂದು ನಿಂತಿದೆ. ಹೋದ ತಿಂಗಳು ಗೆಳೆಯನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಒಂದು ಜಾಹೀರಾತು ಕಳಿಸಿದ. ನದಿಯಲ್ಲಿ ಸರಕು ಸಾಗಿಸುವ ಬಾರ್ಜ್‌ಗಳ ಎಂಜಿನ್ ವಿಭಾಗಕ್ಕೆ ಟ್ರೇನಿಗಳು ಬೇಕಾಗಿದ್ದಾರೆ ಎಂದು ಅದರಲ್ಲಿತ್ತು. ಖುಷಿಯಿಂದ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಮೊಬೈಲನ್ನು ದೂರ ಹಿಡಿದು ನಿಧಾನವಾಗಿ ಓದಿದರು. ಆಮೇಲೆ ಹೇಳಿದ್ದು ಇಷ್ಟೇ: ‘ಹೋಗು ತಮಾ, ಒಳ್ಳೆ ಕೆಲಸ. ಆದ್ರೆ ಬಿಲ್ಜ್ ನೀರು ಎಲ್ಲಿಗೆ ಬಿಡ್ತಾರೆ ಅಂತ ಮೊದಲ ದಿನವೇ ಕೇಳು.’

ಚಿಕ್ಕಪ್ಪ ಈ ಮಾತು ಸುಮ್ಮನೆ ಆಡಿದ್ದಲ್ಲ. ಅವರು ಗೋವಾದಲ್ಲಿ ಅದಿರು ಸಾಗಿಸುವ ಬಾರ್ಜ್‌ನಲ್ಲಿ ಹದಿನಾಲ್ಕು ವರ್ಷ ದುಡಿದವರು. ಖಲಾಸಿಯಾಗಿ ಸೇರಿ, ಕೊನೆಗೆ ಎಂಜಿನ್ ರೂಮಿನ ಕೆಲಸ ಕಲಿತವರು. ನಾವು ಮಹದಾಯಿ ಎಂದು ಕರೆಯುವ, ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಹೊಳೆಯೇ ಗೋವಾಕ್ಕೆ ಇಳಿದ ಮೇಲೆ ಮಾಂಡೋವಿ. ಆ ನದಿಯಲ್ಲಿ, ಪಕ್ಕದ ಜುವಾರಿಯಲ್ಲಿ ಗಣಿ ಅದಿರು ಹೊತ್ತ ಬಾರ್ಜ್‌ಗಳು ಸಾಲುಗಟ್ಟಿ ಮುರಗಾಂವ್ ಬಂದರಿಗೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಮಾಂಡೋವಿಯ ಅಳಿವೆ ದಾಟುವುದು ಅಪಾಯ ಎಂದಾಗ ಎರಡೂ ನದಿಗಳನ್ನು ಜೋಡಿಸುವ ಕುಂಬಾರ್ಜುವಾ ಕಾಲುವೆಯೇ ದಾರಿ. ಒಂದೊಂದು ಬಾರ್ಜ್‌ನಲ್ಲಿ ನೂರಕ್ಕೂ ಹೆಚ್ಚು ಟಿಪ್ಪರ್‌ಗಳ ಲೋಡು.

ಎಂಜಿನ್ ರೂಮಿನ ತಳದಲ್ಲಿ ಸೋರಿದ ನೀರು, ಡೀಸೆಲ್, ಸುಟ್ಟ ಆಯಿಲ್ ಎಲ್ಲ ಸೇರಿ ನಿಲ್ಲುತ್ತದೆ. ಅದಕ್ಕೇ ಬಿಲ್ಜ್ ನೀರು ಎನ್ನುವುದು. ದಡದಲ್ಲಿ ಅದನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಇಟ್ಟುಕೊಂಡರೆ ಬಾರ್ಜ್‌ಗೇ ಅಪಾಯ. ಹಾಗಾಗಿ ಕತ್ತಲಾದ ಮೇಲೆ ಪಂಪ್ ಹಾಕಿ ಹೊಳೆಗೆ ಬಿಡುತ್ತಿದ್ದೆವು ಎಂದು ಚಿಕ್ಕಪ್ಪ ಈಗಲೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ‘ಬೆಳಿಗ್ಗೆ ನೋಡಿದ್ರೆ ನೀರ ಮೇಲೆ ಕಾಮನಬಿಲ್ಲು. ಅದೇ ನೀರಲ್ಲಿ ಹೆಂಗಸರು ಚಿಪ್ಪಿ ಆರಿಸ್ತಿದ್ರು.’

ಗೋವಾದ ಖಜಾನ್, ನಮ್ಮ ಗಜನಿ

ನಮ್ಮೂರು ಅಘನಾಶಿನಿಯ ದಡದಲ್ಲಿದೆ. ಕುಮಟಾ ಕಡೆಯವರಿಗೆ ಗಜನಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಉಪ್ಪುನೀರು ಏರಿ ಇಳಿಯುವ ಹಿನ್ನೀರಿಗೆ ಒಡ್ಡು ಕಟ್ಟಿ, ತೂಬಿನ ಬಾಗಿಲಿಟ್ಟು, ಮಳೆಗಾಲದಲ್ಲಿ ಭತ್ತ, ಆಮೇಲೆ ಸಿಗಡಿ, ಮೀನು ಬೆಳೆಯುವ ಜಾಗ ಅದು. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದು ಇಲ್ಲೇ. ಗೋವಾದಲ್ಲೂ ಇಂಥದ್ದೇ ಗದ್ದೆಗಳಿವೆ, ಅಲ್ಲಿ ಖಜಾನ್ ಎನ್ನುತ್ತಾರೆ. ಹೆಸರು ಬೇರೆ, ಬದುಕು ಒಂದೇ. ಒಡ್ಡು ಗಟ್ಟಿ ಇದ್ದರೆ ಊಟ, ಒಡೆದರೆ ಉಪ್ಪು.

ಲೋಡಾದ ಬಾರ್ಜ್ ವೇಗವಾಗಿ ಹೋದಾಗ ಅದರ ಹಿಂದೆ ಏಳುವ ಅಲೆ ಎರಡೂ ದಡಕ್ಕೆ ಬಡಿಯುತ್ತದೆ. ಒಂದು ಅಲೆಯಿಂದ ಏನೂ ಆಗುವುದಿಲ್ಲ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಬಡಿದರೆ ಮಣ್ಣಿನ ಒಡ್ಡು ಬುಡದಿಂದ ಕರಗುತ್ತದೆ. ಬಾರ್ಜ್‌ಗಳ ಅಲೆಯಿಂದ ಖಜಾನ್ ಒಡ್ಡು ಕುಸಿದು ಗದ್ದೆಗೆ ಉಪ್ಪುನೀರು ನುಗ್ಗಿದೆ ಎಂಬುದು ಮಾಂಡೋವಿ, ಜುವಾರಿ ದಡದ ರೈತರ ಹಳೆಯ ದೂರು. ಅದಿರು ತುಂಬುವಾಗ ಚೆಲ್ಲಿದ ಕೆಂಪು ಪುಡಿಯೂ ತಳಕ್ಕೆ ಇಳಿಯುತ್ತದೆ. ಚಿಪ್ಪಿ, ಬಳಚುಗಳು ಬದುಕುವುದು ಆ ತಳದ ಕೆಸರಿನಲ್ಲೇ.

ಇದು ಪಕ್ಕದ ರಾಜ್ಯದ ಕಥೆ, ನಮಗೇಕೆ ಎಂದು ನೀವು ಕೇಳಬಹುದು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿದೆ. ಗೋವಾದ ಮಾಂಡೋವಿ, ಜುವಾರಿ, ಕುಂಬಾರ್ಜುವಾ ಅದರಲ್ಲಿವೆ. ನಮ್ಮ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳೂ ಇವೆ. ಇಂದಲ್ಲ ನಾಳೆ ಈ ಹೊಳೆಗಳಿಗೂ ಬಾರ್ಜ್ ಬಂದಾವು. ಬಂದಾಗ ಹೇಗಿರಬೇಕು ಎಂದು ಈಗಲೇ ಮಾತಾಡದಿದ್ದರೆ ಆಮೇಲೆ ಮಾತಾಡಿ ಪ್ರಯೋಜನವಿಲ್ಲ.

ಲೀಟರ್ ಲೆಕ್ಕ ಮತ್ತು ಅದರಾಚೆ

ಹಾಗಂತ ಬಾರ್ಜ್ ಬೇಡವೇ ಬೇಡ ಎನ್ನುವವನು ನಾನಲ್ಲ. ಜಲಸಾರಿಗೆಯ ಪರ ಸರ್ಕಾರ ಮತ್ತೆ ಮತ್ತೆ ಹೇಳುವ ಲೆಕ್ಕವೊಂದಿದೆ. ಒಂದು ಲೀಟರ್ ಇಂಧನದಲ್ಲಿ ಒಂದು ಟನ್ ಸರಕನ್ನು ರಸ್ತೆಯಲ್ಲಿ 24 ಕಿ.ಮೀ., ರೈಲಿನಲ್ಲಿ 85 ಕಿ.ಮೀ., ನೀರಿನಲ್ಲಿ 105 ಕಿ.ಮೀ. ಸಾಗಿಸಬಹುದು. ಹೆದ್ದಾರಿ 66ರಲ್ಲಿ ಲಾರಿಗಳ ಹಿಂದೆ ಬೈಕ್ ಓಡಿಸಿದವರಿಗೆ ಈ ಲೆಕ್ಕದ ಬೆಲೆ ಗೊತ್ತು. ಹೊಗೆ ಕಡಿಮೆ, ಅಪಘಾತ ಕಡಿಮೆ, ರಸ್ತೆಯ ಸವೆತ ಕಡಿಮೆ. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ.

ಆದರೆ ಈ ಲೆಕ್ಕ ಅಳೆಯುವುದು ಇಂಧನವನ್ನು ಮಾತ್ರ. ಒಡ್ಡಿಗೆ ಬಡಿದ ಅಲೆ, ಕತ್ತಲಲ್ಲಿ ಬಿಟ್ಟ ಬಿಲ್ಜ್ ನೀರು, ಆಳ ಸಾಲದೆಂದು ಮತ್ತೆ ಮತ್ತೆ ತೆಗೆಯುವ ಹೂಳು ಯಾವುದೂ ಅದರಲ್ಲಿ ಬರುವುದಿಲ್ಲ. ಹೂಳೆತ್ತುವಾಗ ತಳದ ಕೆಸರು ಕದಡಿ ಮೀನಿನ ಮೊಟ್ಟೆ, ಚಿಪ್ಪಿ ಮರಿಗಳ ಮೇಲೆ ಕೂರುತ್ತದೆ. ಎಂಜಿನ್‌ನ ವಯಸ್ಸೂ ಲೆಕ್ಕದಲ್ಲಿಲ್ಲ. ಲಾರಿ ಹಳೆಯದಾದರೆ ಗುಜರಿಗೆ ಹೋಗುತ್ತದೆ. ಬಾರ್ಜ್ ಮತ್ತು ಟಗ್‌ಗಳ ಡೀಸೆಲ್ ಎಂಜಿನ್ ಮಾತ್ರ ರಿಪೇರಿಯ ಮೇಲೆ ರಿಪೇರಿ ಕಾಣುತ್ತಾ ದಶಕಗಳ ಕಾಲ ಕರಿಹೊಗೆ ಉಗುಳುತ್ತಲೇ ಇರುತ್ತದೆ.

ಶಬ್ದವನ್ನಂತೂ ನಾವು ಮಾಲಿನ್ಯ ಎಂದು ಎಣಿಸುವುದೇ ಇಲ್ಲ. ಗಂಗೆಯ ಡಾಲ್ಫಿನ್ ನಮ್ಮ ರಾಷ್ಟ್ರೀಯ ಜಲಚರ. ಅದಕ್ಕೆ ಕಣ್ಣು ಹೆಚ್ಚುಕಡಿಮೆ ಕಾಣುವುದಿಲ್ಲ. ಕ್ಲಿಕ್ ಕ್ಲಿಕ್ ಎಂದು ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯಿಂದಲೇ ದಾರಿ, ಬೇಟೆ ಎರಡನ್ನೂ ಕಂಡುಕೊಳ್ಳುತ್ತದೆ. ಹಾಲ್ದಿಯಾದಿಂದ ಪ್ರಯಾಗರಾಜ್‌ವರೆಗಿನ 1,620 ಕಿ.ಮೀ. ಉದ್ದದ ಒಂದನೇ ರಾಷ್ಟ್ರೀಯ ಜಲಮಾರ್ಗ ಬಿಹಾರದ ವಿಕ್ರಮಶಿಲಾ ಡಾಲ್ಫಿನ್ ಧಾಮದ ನಡುವೆಯೇ ಹಾದುಹೋಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಡಾಲ್ಫಿನ್‌ಗೂ ಬೇಕಾದ್ದು ಆಳದ ಮಡು, ಹಡಗಿಗೂ ಬೇಕಾದ್ದು ಅದೇ ಆಳ. ಪ್ರೊಪೆಲ್ಲರ್‌ನ ಸದ್ದಿನ ನಡುವೆ ಅದರ ಕ್ಲಿಕ್ ಕೇಳಿಸದೇ ಹೋದರೆ ಆ ಪ್ರಾಣಿ ನಿಜಕ್ಕೂ ಕುರುಡಾಗುತ್ತದೆ.

ಇನ್ನು ಅಪಘಾತ. 2014ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಸುಂದರಬನದ ಶೇಲಾ ನದಿಯಲ್ಲಿ ತೈಲದ ಹಡಗೊಂದಕ್ಕೆ ಇನ್ನೊಂದು ಹಡಗು ಗುದ್ದಿತು. ಮೂರು ಲಕ್ಷ ಲೀಟರ್‌ಗೂ ಹೆಚ್ಚು ಫರ್ನೇಸ್ ಆಯಿಲ್ ಮ್ಯಾಂಗ್ರೋವ್ ಕಾಡಿನೊಳಗೆ ಹರಡಿತು. ಅದನ್ನು ಬಳಿದು ತೆಗೆದವರು ಯಾರು? ಬಲೆ, ಪಾತ್ರೆ, ಬರಿಗೈ ಹಿಡಿದು ನೀರಿಗಿಳಿದ ಸುತ್ತಲಿನ ಹಳ್ಳಿಯವರು. ಹಡಗು ಯಾರದ್ದೋ, ಆಯಿಲ್ ಯಾರದ್ದೋ, ಕೈ ಕಪ್ಪಾಗಿದ್ದು ಬೆಸ್ತರದ್ದು.

ಮೊದಲು ಅಗ್ಗದ ಕೆಲಸ ಮಾಡೋಣ

ಹಾಗಾದರೆ ಮಾಡಬೇಕಾದ್ದೇನು? ಮಾಡಬಹುದಾದ ಕೆಲಸಗಳಲ್ಲಿ ಹಲವಕ್ಕೆ ದೊಡ್ಡ ದುಡ್ಡೂ ಬೇಡ.

ಮೊದಲನೆಯದು ವೇಗ. ನೀರಿನಲ್ಲಿ ಬೇಕಾಗುವ ಎಂಜಿನ್ ಶಕ್ತಿ ಸ್ಥೂಲವಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ ಎಂದು ನಮಗೆ ಪಾಠ ಇತ್ತು. ಪರೀಕ್ಷೆಗೆ ಬರೆದು ಮರೆತಿದ್ದೆವು. ಈಗ ಅನ್ವಯಿಸಿ ನೋಡಿ. ವೇಗ ಶೇ 10ರಷ್ಟು ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಶೇ 27ರಷ್ಟು ಇಳಿಯುತ್ತದೆ. ಪ್ರಯಾಣಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಒಂದು ಟ್ರಿಪ್ಪಿಗೆ ಶೇ 19ರಷ್ಟು ಡೀಸೆಲ್ ಉಳಿಯುತ್ತದೆ. ಏಳುವ ಅಲೆಯೂ ತಗ್ಗುತ್ತದೆ, ಸದ್ದೂ ತಗ್ಗುತ್ತದೆ. ಒಡ್ಡು, ಡಾಲ್ಫಿನ್, ಮಾಲೀಕರ ಜೇಬು ಮೂರೂ ಉಳಿಯುವ ಉಪಾಯ ಇದಕ್ಕಿಂತ ಬೇರೆ ಬೇಕೆ? ಗಜನಿ, ಖಜಾನ್ ಇರುವಲ್ಲಿ ಮಿತಿ ಹಾಕಿ, ಪ್ರತಿ ಬಾರ್ಜ್‌ಗೆ ಜಿಪಿಎಸ್ ಇಟ್ಟು, ಮೀರಿದವರಿಗೆ ದಂಡ ಹಾಕಿದರೆ ಸಾಕು.

ಎರಡನೆಯದು ಬಿಲ್ಜ್ ನೀರು. ಹಳೆಯ 1917ರ ಕಾಯ್ದೆಯ ಜಾಗಕ್ಕೆ ಬಂದಿರುವ 2021ರ ಒಳನಾಡು ಹಡಗು ಕಾಯ್ದೆ ಮಾಲಿನ್ಯ ತಡೆಯ ಬಗ್ಗೆ, ಹಡಗಿನ ಕೊಳೆಯನ್ನು ದಡದಲ್ಲಿ ಸ್ವೀಕರಿಸುವ ವ್ಯವಸ್ಥೆಯ ಬಗ್ಗೆ ಹೇಳುತ್ತದೆ. ಕಾಗದದ ಮೇಲಿನ ಆ ಮಾತು ಪ್ರತಿ ಜೆಟ್ಟಿಯಲ್ಲಿ ಒಂದು ಟ್ಯಾಂಕ್ ಆಗಿ, ಒಂದು ರಸೀದಿ ಪುಸ್ತಕವಾಗಿ ಕಾಣಬೇಕು. ತಿಂಗಳಿಗೆ ಇಷ್ಟು ಆಯಿಲ್ ಕುಡಿಯುವ ಎಂಜಿನ್‌ನಿಂದ ಒಂದು ಲೀಟರ್ ಕೊಳೆಯೂ ದಡಕ್ಕೆ ಬಂದಿಲ್ಲ ಎಂದರೆ ಅದು ಎಲ್ಲಿಗೆ ಹೋಯಿತು ಎಂದು ಕೇಳಲು ದೊಡ್ಡ ವಿಜ್ಞಾನಿ ಬೇಕಿಲ್ಲ.

ಮೂರನೆಯದು ಇನ್ನೂ ಸರಳ. ಅದಿರು, ಕಲ್ಲಿದ್ದಲು, ಹಾರುಬೂದಿ ಹೊತ್ತ ಬಾರ್ಜ್‌ಗೆ ಮುಚ್ಚಳ ಹಾಕಿ. ಜೆಟ್ಟಿಯಲ್ಲಿ ನಿಂತಾಗ ಜನರೇಟರ್ ಆರಿಸಿ, ದಡದ ಕರೆಂಟ್ ಕೊಡಿ. ಹಡಗಿಗೆ ತಕ್ಕಂತೆ ಹೊಳೆಯನ್ನು ಅಗೆಯುವ ಬದಲು ಹೊಳೆಯ ಆಳಕ್ಕೆ ತಕ್ಕ ಹಡಗು ಕಟ್ಟಿ.

ಕೊನೆಯದು ಎಂಜಿನ್. ಕೇರಳದ ವೈಕಂನಲ್ಲಿ 2017ರಿಂದ ‘ಆದಿತ್ಯ’ ಎಂಬ ಸೋಲಾರ್ ದೋಣಿ ಜನರನ್ನು ದಾಟಿಸುತ್ತಿದೆ. 2023ರಲ್ಲಿ ಕೊಚ್ಚಿ ವಾಟರ್ ಮೆಟ್ರೊ ಬ್ಯಾಟರಿ ದೋಣಿಗಳೊಂದಿಗೆ ಶುರುವಾಯಿತು. ನೆದರ್ಲೆಂಡ್ಸ್‌ನಲ್ಲಿ 2021ರಿಂದ ಕಂಟೇನರ್ ಬಾರ್ಜ್ ಒಂದು ಬ್ಯಾಟರಿಯಲ್ಲಿ ಓಡಿದೆ. ಚಾರ್ಜ್ ಮುಗಿದರೆ ಗ್ಯಾಸ್ ಸಿಲಿಂಡರ್ ಬದಲಿಸಿದ ಹಾಗೆ ಬ್ಯಾಟರಿ ತುಂಬಿದ ಕಂಟೇನರನ್ನೇ ಬದಲಿಸುತ್ತಾರೆ. ನಮ್ಮ ಕೇಂದ್ರ ಸರ್ಕಾರವೂ 2024ರಲ್ಲಿ ಒಳನಾಡು ಹಡಗುಗಳಿಗಾಗಿ ‘ಹರಿತ್ ನೌಕಾ’ ಮಾರ್ಗಸೂಚಿ ಹೊರಡಿಸಿದೆ. ಎರಡು ಸಾವಿರ ಟನ್ ಅದಿರನ್ನು ದಿನಗಟ್ಟಲೆ ಬ್ಯಾಟರಿಯಲ್ಲಿ ಎಳೆಯುವುದು ಇವತ್ತಿಗೆ ಕಷ್ಟ, ಒಪ್ಪೋಣ. ಆದರೆ ಬಂದರಿನೊಳಗೇ ಓಡಾಡುವ ಟಗ್‌ಗಳು, ದಿನಕ್ಕೆ ಒಂದೆರಡು ಸಣ್ಣ ಟ್ರಿಪ್ ಮಾಡುವ ಬಾರ್ಜ್‌ಗಳು ಬದಲಾಗಲು ಯಾವ ಅಡ್ಡಿಯೂ ಇಲ್ಲ.

‘ಕೆಲಸ ಬೇಕೋ, ಹೊಳೆ ಬೇಕೋ?’

ಇಷ್ಟೆಲ್ಲ ಹೇಳಿದಾಗ ಗೆಳೆಯರ ಗುಂಪಿನಲ್ಲಿ ಒಬ್ಬ ಸಿಟ್ಟಾದ. ‘ಇರುವ ನಾಲ್ಕು ಕೆಲಸಕ್ಕೂ ಕಲ್ಲು ಹಾಕ್ತೀಯಾ? ನಿಯಮ ಜಾಸ್ತಿ ಆದ್ರೆ ಮಾಲೀಕರು ಬಾರ್ಜನ್ನೇ ನಿಲ್ಲಿಸ್ತಾರೆ’ ಎಂದ. ಅವನ ಭಯ ಸುಳ್ಳಲ್ಲ. ಒಂದೋ ಎರಡೋ ಬಾರ್ಜ್ ಇಟ್ಟುಕೊಂಡ ಸಣ್ಣ ಮಾಲೀಕರಿಗೆ ಹೊಸ ಎಂಜಿನ್ ಭಾರವೇ. ಅದಕ್ಕೆ ಸಾಲ, ಸಹಾಯಧನ ಬೇಕು. ಸರಕು ಕಳಿಸುವ ದೊಡ್ಡ ಕಂಪನಿಗಳೂ ಬಾಡಿಗೆಯಲ್ಲಿ ಒಂದು ಪಾಲು ಹೊರಬೇಕು.

ಆದರೆ ನಿಯಮ ಸಡಿಲವಾದರೆ ಕೆಲಸ ಉಳಿಯುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಒಪ್ಪದಂತೆ ಮಾಡಿದ್ದು ನಮ್ಮ ಮನೆಯ ಅನುಭವ. ಗೋವಾದಲ್ಲಿ ಗಣಿಗಾರಿಕೆ ಕಾನೂನು ಮೀರಿ ನಡೆಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಮತ್ತೆ ಶುರುವಾದದ್ದು 2018ರಲ್ಲಿ 88 ಗುತ್ತಿಗೆಗಳು ರದ್ದಾಗಿ ಪುನಃ ನಿಂತಿತು. ಬಾರ್ಜ್‌ಗಳು ದಡದಲ್ಲಿ ತುಕ್ಕು ಹಿಡಿದವು. ನಿಯಮ ಮುರಿದವರು ಎಲ್ಲೋ ಮೇಲೆ ಇದ್ದರು. 2012ರ ಮಳೆಗಾಲ ಕಳೆದ ಮೇಲೆ ಒಂದು ಟ್ರಂಕು ಹೊತ್ತು ಊರಿಗೆ ವಾಪಸಾದವರು ಚಿಕ್ಕಪ್ಪ. ಹೊಳೆ ಹಾಳಾದರೆ, ಕಾನೂನು ಮುರಿದರೆ ಮೊದಲು ಮುಳುಗುವುದು ಖಲಾಸಿಯ ಕೆಲಸವೇ. ಕಟ್ಟುನಿಟ್ಟಾದ ನಿಯಮ ನಮ್ಮ ಕೆಲಸಕ್ಕೆ ಇರುವ ವಿಮೆ.

ಇನ್ನೊಂದು ಮಾತು. ಹಳೆಯ ಎಂಜಿನ್ ಬಿಚ್ಚಿ ಹೊಸದು ಕೂರಿಸುವುದು, ಬ್ಯಾಟರಿ, ಮೋಟಾರ್ ನೋಡಿಕೊಳ್ಳುವುದು, ಜೆಟ್ಟಿಯಲ್ಲಿ ಎಣ್ಣೆ ನೀರು ಬೇರ್ಪಡಿಸುವುದು, ಆಳ ಅಳೆಯುವುದು ಇವೆಲ್ಲ ಕೆಲಸಗಳೇ. ಐಟಿಐ, ಡಿಪ್ಲೊಮಾ ಓದಿದ ಕರಾವಳಿಯ ಹುಡುಗ ಹುಡುಗಿಯರು ಊರಲ್ಲೇ ಮಾಡಬಹುದಾದವು. ನಮ್ಮ ಪಾಲಿಟೆಕ್ನಿಕ್‌ಗಳು ಹತ್ತು ದಿನದ ಒಂದು ಕೋರ್ಸ್ ಆದರೂ ಇದಕ್ಕೆ ಮೀಸಲಿಟ್ಟರೆ ನಾವು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಎರಡು ಸಲ ಯೋಚಿಸುತ್ತೇವೆ.

ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಪೇಪರಿನಲ್ಲಿ ಓದಿ ಹೆಮ್ಮೆಪಟ್ಟೆವು, ಸ್ಟೇಟಸ್ ಹಾಕಿದೆವು. ಎಡಬಲದಲ್ಲಿರುವ ಕಾಳಿ, ಶರಾವತಿಗಳಿಗೆ ಬಾರ್ಜ್ ಬರುವ ದಿನ ಸಾರ್ವಜನಿಕ ಅಹವಾಲು ಸಭೆ ನಡೆಯಬಹುದು. ಆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಮೊಬೈಲ್ ನೋಡುವ ಬದಲು ಎದ್ದು ಮೂರು ಪ್ರಶ್ನೆ ಕೇಳೋಣ. ಒಡ್ಡಿನ ಹತ್ತಿರ ವೇಗ ಎಷ್ಟು? ಬಿಲ್ಜ್ ನೀರು ಎಲ್ಲಿಗೆ? ತೆಗೆದ ಹೂಳು ಯಾರ ಗದ್ದೆಗೆ?

ಅಂದ ಹಾಗೆ, ಆ ಟ್ರೇನಿ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಸಂದರ್ಶನಕ್ಕೆ ಕರೆದರೆ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯಾ’ ಎನ್ನುತ್ತಾರಲ್ಲ, ಆಗ ಸಂಬಳ, ರಜೆ ಕೇಳುವ ಮೊದಲು ಚಿಕ್ಕಪ್ಪನ ಪ್ರಶ್ನೆಯನ್ನು ಕೇಳುತ್ತೇನೆ. ಕೆಲಸ ಸಿಗದೆಯೂ ಇರಬಹುದು. ಆದರೆ ಹತ್ತು ಜನ ಅಭ್ಯರ್ಥಿಗಳು ಅದೇ ಪ್ರಶ್ನೆ ಕೇಳಿದರೆ ಹನ್ನೊಂದನೆಯವನು ಬರುವಷ್ಟರಲ್ಲಿ ಜೆಟ್ಟಿಯಲ್ಲಿ ಒಂದು ಟ್ಯಾಂಕ್ ಆದರೂ ಬಂದಿರುತ್ತದೆ ಎಂಬ ನಂಬಿಕೆ ನನಗಿದೆ.