ನಮ್ಮ ವಿಳಾಸ ಯಾರ ಸ್ವತ್ತು?

“ಅಪರಿಚಿತರಿಗೆ ಒಟಿಪಿ ಕೊಡಬೇಡಿ, ಹೆಂಗಸರೇ ಎಚ್ಚರ!” ಈ ಬುದ್ಧಿವಾದ ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಸರಿ, ಕೊಡಬಾರದು. ಆದರೆ ಸೋದರಿಯರೇ, ನಮ್ಮನ್ನು ಎಚ್ಚರಿಸುವ ಈ ಸಮಾಜವೇ ಹೋದಲ್ಲೆಲ್ಲ ನಮ್ಮ ಫೋನ್ ನಂಬರು, ಆಧಾರ್ ಪ್ರತಿ, ಗಂಡನ ಹೆಸರು ಕೇಳಿ ಬರೆದುಕೊಳ್ಳುತ್ತದಲ್ಲ, ಅದನ್ನು ಎಚ್ಚರಿಸುವವರು ಯಾರು?

2017ರಲ್ಲಿ ಉತ್ತರ ಪ್ರದೇಶದಿಂದ ಬಂದ ಪತ್ರಿಕಾ ವರದಿ ಹಲವರಿಗೆ ನೆನಪಿರಬಹುದು. ರೀಚಾರ್ಜ್ ಅಂಗಡಿಗಳಲ್ಲಿ ಹುಡುಗಿಯರು ಬರೆಸಿದ ನಂಬರುಗಳು 50ರಿಂದ 500 ರೂಪಾಯಿಗೆ ಮಾರಾಟವಾಗುತ್ತಿದ್ದವು. ರೂಪಕ್ಕೆ ತಕ್ಕ ದರ! ವರದಕ್ಷಿಣೆಯ ಮಾರುಕಟ್ಟೆಯಲ್ಲಿ ಹೆಣ್ಣಿನ ಬಣ್ಣಕ್ಕೆ ಕಟ್ಟುವ ಬೆಲೆಗೂ ಇದಕ್ಕೂ ಏನು ವ್ಯತ್ಯಾಸ? ಆ ಹುಡುಗಿಯರು ಯಾವ ಎಚ್ಚರ ತಪ್ಪಿದ್ದರು? ರೀಚಾರ್ಜ್ ಮಾಡಿಸಲು ಹೋಗಿದ್ದರು, ಅಷ್ಟೆ.

ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳ ಪಾಡು ಇನ್ನೂ ಘೋರ. ಅವಳು ಹೆದರಬೇಕಾದ್ದು ಎಲ್ಲೋ ಕೂತು ಕರೆ ಮಾಡುವ ವಂಚಕನಿಗಲ್ಲ. ಅವಳ ಹುಟ್ಟಿದ ದಿನ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಎಲ್ಲವನ್ನೂ ಬಲ್ಲ ಗಂಡನಿಗೆ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಖಾತೆಗೂ ಅವನ ನಂಬರೇ. ಗೃಹಲಕ್ಷ್ಮಿ ಹಣ ಬಂದರೆ ಸುದ್ದಿ ಮೊದಲು ಅವನಿಗೆ. ಒಟಿಪಿಯೂ ಅವನಿಗೇ. ಇಂಥ ಒಬ್ಬಳ ಜೊತೆ ನಾನು ಬಾಡಿಗೆ ಕೋಣೆ ಹುಡುಕುತ್ತ ಹೋದಾಗ, ಮನೆ ಮಾಲೀಕರು ಗಂಡನ ಫೋನ್ ನಂಬರು ಬೇಕೇಬೇಕು ಎಂದರು. “ಯಾಕೆ ಸ್ವಾಮಿ?” ಎಂದೆ. “ಸುಮ್ನೆ, ರೆಕಾರ್ಡಿಗೆ ಇರ್ಲಿ ಮೇಡಂ.” ಈ ‘ಸುಮ್ನೆ’ಯಿಂದ ಅವಳ ಪ್ರಾಣಕ್ಕೆ ಕುತ್ತು ಬಂದರೆ ಹೊಣೆ ಯಾರದು?

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಿಮ್ ಕಾರ್ಡಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು 2018ರ ತೀರ್ಪು ಹೇಳಿತು. ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ, ಅದನ್ನೇ ಕೊಡಿ ಎನ್ನುತ್ತಾರೆ. ಆದರೆ ಅದು ಸಂಖ್ಯೆಯನ್ನು ಮುಚ್ಚಿ ವಿಳಾಸವನ್ನು ಹಾಗೇ ಬಿಚ್ಚಿಡುತ್ತದೆ. ಅಡಗಿ ಬದುಕುವವಳಿಗೆ ಇದೆಂಥ ರಕ್ಷಣೆ? ಈ ವ್ಯವಸ್ಥೆ ರೂಪಿಸಿದವರ ಕಣ್ಣಿಗೆ ಅವಳು ಬಿದ್ದೇ ಇಲ್ಲ.

ಮನೆ ಬಿಟ್ಟು ಬಂದವರಿಗೆ ಆಸರೆಯಾಗುವ ಗೆಳತಿಯರು ಅವರನ್ನು ಮೊದಲ ವಾರವೇ ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ಕರೆದೊಯ್ದು ಫೋನ್ ನಂಬರು ಬದಲಾಯಿಸಿಕೊಡಬೇಕು. ಅಂಗಡಿ, ಆಸ್ಪತ್ರೆ, ಶಾಲೆ, ಎಲ್ಲೇ ಆಗಲಿ, ಗಂಡನ ಹೆಸರು ಕೇಳಿದರೆ “ಯಾಕೆ ಬೇಕು, ಯಾವ ಕಾನೂನಿನಲ್ಲಿದೆ, ಯಾರು ನೋಡುತ್ತಾರೆ?” ಎಂದು ಗಟ್ಟಿಯಾಗಿ ಕೇಳೋಣ. ಸರತಿಯಲ್ಲಿ ಹಿಂದೆ ನಿಂತವರೂ ಕೇಳಿಸಿಕೊಳ್ಳಲಿ.